ರಿಫ್ಕಾ ಆಣೆ ಬಿಟ್ಟ ಉಪವಾಸ

ಕೈರೋದ ಶುಬ್ರಾದಲ್ಲಿ, ಮಕ್ರಮ್ ಸಾಹುಕಾರರ ಹೊಲಿಗೆ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ರಿಫ್ಕಾಳ ದೆಸೆಯಿಂದ ಸಂತರಿಗೆ ಒಂದು ಗಳಿಗೆ ಪುರಸೊತ್ತಿರಲಿಲ್ಲ. ಟೀ ಬಿಸಿ ಇದೆ ಅಂತ ಆಣೆ ಹಾಕುವುದಕ್ಕೆ ಕನ್ಯಾಮರಿಯಮ್ಮ ಬರಬೇಕು. ಬಸ್ಸು ತಪ್ಪಿತು ಅನ್ನುವುದಕ್ಕೆ ಮಾರ್ ಗಿರ್ಗಿಸ್ ಕುದುರೆ ಏರಿ, ಈಟಿ ಹಿಡಿದು ಬಂದು ಸಾಕ್ಷಿ ಹೇಳಬೇಕು. ಬೇಳೆಗೆ ಉಪ್ಪು ಹೆಚ್ಚಾಗಿಲ್ಲ ಅಂತ ಸಾಧಿಸುವ ದಿನ ಹನ್ನೆರಡು ಶಿಷ್ಯರೂ ಸಾಲಾಗಿ ನಿಂತುಬಿಡಬೇಕು. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು.

ಈ ಸಲ ಈಸ್ಟರಿನ ಮುಂಚಿನ ದೊಡ್ಡ ಉಪವಾಸ ಶುರುವಾಗುವಾಗ ಪಾಪ ಒಪ್ಪಿಕೊಳ್ಳಲು ಹೋದಳು. ಪಾದ್ರಿ ಅಬೂನಾ ಬಿಸಾದಾ ಗಡ್ಡ ಕೆರೆದುಕೊಂಡು, "ಮಾಂಸ, ಹಾಲು ಬಿಡೋದು ನಿಂಗೇನು ಕಷ್ಟ ಅಲ್ಲಮ್ಮ. ಐವತ್ತೈದು ದಿನ ಆಣೆ ಹಾಕೋದು ಬಿಡು. ಸಂತರೂ ಸ್ವಲ್ಪ ಕಾಲು ಚಾಚ್ಲಿ" ಅಂದರು.

"ಆಯ್ತು ಅಬೂನಾ, ಮಾರ್ ಗಿರ್ಗಿ..." ಅಂದವಳೇ ತುಟಿ ಕಚ್ಚಿಕೊಂಡಳು.

ನಲವತ್ತು ದಿನ ದಾಟಿಸಿದಳು. ನಾಲಿಗೆ ತುದಿಗೆ ಬಂದ ಸಂತರನ್ನೆಲ್ಲ ಕರೀ ಟೀ ಜೊತೆ ನುಂಗಿದಳು. ನಲವತ್ತೊಂದನೇ ದಿನ ಗ್ರಹಚಾರ ವಕ್ಕರಿಸಿತು.

ಅವತ್ತು ಗರಿಗಳ ಭಾನುವಾರಕ್ಕೆಂದು ಹೊಲಿದ ಬಿಷಪ್ಪರ ಬಿಳಿ ರೇಷ್ಮೆ ನಿಲುವಂಗಿ ರಿಫ್ಕಾಳ ಮೇಜಿನ ಮೇಲಿತ್ತು. ಹೆಂಗಸರೆಲ್ಲ ಕೆಳಗಿಳಿದು ಅವರೆಬೇಳೆ ವಡೆ ತಿಂದು ಬಂದು ನೋಡಿದರೆ, ನಿಲುವಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಗುರುತು. ಮೂಗು ತುದಿ ಸಮೇತ ಅಚ್ಚು ಬಿದ್ದಿತ್ತು. ಬಿಷಪ್ಪರು ಅದನ್ನುಟ್ಟು ಬಲಿಪೀಠದ ಕಡೆ ತಿರುಗಿದರೆ ಭಕ್ತರಿಗೆಲ್ಲ ಇಸ್ತ್ರಿಪೆಟ್ಟಿಗೆಯ ದರ್ಶನ.

ಮಕ್ರಮ್ ಸಾಹುಕಾರರು ಬಂದು ನೋಡಿ, ಕುರ್ಚಿ ಎಳೆದುಕೊಂಡು ಕೂತರು. "ಸುಟ್ಟೋರು ಇವತ್ತೇ ಮನೆಗೆ. ನಾಳೆಯಿಂದ ಬರೋದು ಬೇಡ."

ಮೇಸ್ತ್ರಿ ಬುಶ್ರಾ ಮುಂದೆ ಬಂದ. ಎಂಟು ಇಸ್ತ್ರಿಪೆಟ್ಟಿಗೆಗಳ ಮೇಲೆ ಅವನದೇ ಅಧಿಕಾರ. ಆದರೂ ಅವನ ಪ್ಯಾಂಟು ಮಾತ್ರ ಎಮ್ಮೆ ಅಗಿದು ಉಗುಳಿದ ಹಾಗೆ ಮುದುಡಿರುತ್ತಿತ್ತು. "ಮೇಜು ನಿಂದು ರಿಫ್ಕಾ. ಏನಂತೀಯ?"

"ನಾನಲ್ಲ. ಪೆಟ್ಟಿಗೆ ಆರಿಸಿ ಹೋಗಿದ್ದೆ."

ಎಲ್ಲರೂ ಕಾದರು. ಇನ್ನೇನು ಮರಿಯಮ್ಮ ಬರ್ತಾಳೆ ಅಂತ. ಬರಲಿಲ್ಲ.

"ಆಣೆ ಹಾಕು, ಮುಗಿದೋಯ್ತು," ಅಂದ ಬುಶ್ರಾ.

ರಿಫ್ಕಾಳಿಗೆ ಒಂದೇ ಒಂದು ಹೆಸರು ಸಾಕಿತ್ತು. ಸಣ್ಣ ಸಂತನಾದರೂ ನಡೆಯುತ್ತಿತ್ತು. ಮನೆಯಲ್ಲಿ ಕೆಮ್ಮುವ ಗಂಡನಿಗೆ ಕೆಲಸವಿಲ್ಲ, ಇವಳಿಗೂ ಇಲ್ಲ ಅಂದರೆ ಒಲೆಗೇ ಉಪವಾಸ. ಆದರೆ ನಲವತ್ತು ದಿನ ನುಂಗಿದ್ದನ್ನು ಇವನ ಮುಂದೆ ಕಕ್ಕುವುದೇ? "ಹಾಕಲ್ಲ. ಅಬೂನಾಗೆ ಮಾತು ಕೊಟ್ಟಿದೀನಿ."

"ಉಪ್ಪಿಗೆಲ್ಲ ಆಣೆ ಹಾಕೋಳು ಕೆಲಸ ಹೋಗೋವಾಗ ಹಾಕಲ್ವಂತೆ. ಗೊತ್ತಾಯ್ತಲ್ಲ ಸಾಹುಕಾರ್ರೇ?"

ಗುಂಡಿ ಹಚ್ಚುವ ತಹಿಯ್ಯಾ ಹಲ್ಲಲ್ಲಿ ದಾರ ಕಡಿದು ಎದ್ದಳು. ಮೆಕ್ಕಾ ನೋಡಿ ಬಂದ ಮುಸ್ಲಿಂ ಹೆಂಗಸು. ಕ್ರೈಸ್ತರ ಜಗಳ ಹೇಗೆ ನಿಲ್ಲಿಸಬೇಕೆಂದು ಮೂವತ್ತು ವರ್ಷದಿಂದ ಬಲ್ಲವಳು. "ಬುಶ್ರಾ, ನಿನ್ನ ಒಡೆಯನನ್ನ ಕೊಂಡಾಡು."

ಒಡೆಯ ಅಂದರೆ ದೇವರು; ಹಾಗೆಂದರೆ ಯಾವ ಕ್ರೈಸ್ತನೂ ಕೋಪ ನುಂಗಿ ಉತ್ತರ ಕೊಡಲೇಬೇಕು. "ಆತನ ಹೆಸರಿಗೆ ಮಹಿಮೆ," ಅಂತ ಬುಶ್ರಾ ಗೊಣಗಿದ.

"ಈಗ ಕೇಳು. ಟೀ ಬಿಸಿ ಇದೆ ಅಂತ ಇವಳು ಮರಿಯಮ್ಮನ ಆಣೆ ಹಾಕಿದಾಗೆಲ್ಲ ನಾನು ತಣ್ಣಗಿರೋ ಟೀನೇ ಕುಡಿದಿದೀನಿ."

"ಬಸ್ಸು ತಪ್ಪೋಯ್ತು ಅಂತ ಆಣೆ ಹಾಕಿದ ದಿನ ಹಾಸಿಗೇಲೇ ಇದ್ಲು," ಅಂದಳು ಹಿಂದಿನ ಸಾಲಿನವಳೊಬ್ಬಳು. "ನನ್ನ ಕತ್ತರಿ ನೋಡೇ ಇಲ್ಲ ಅಂತ ಹನ್ನೆರಡು ಜನ ಶಿಷ್ಯರನ್ನೂ ಕರ್ದ್ಲು. ಕತ್ತರಿ ಇವಳ ಚೀಲದಲ್ಲೇ ಇತ್ತು," ಅಂದಳು ಇನ್ನೊಬ್ಬಳು.

ರಿಫ್ಕಾಳ ಕಿವಿ ಕೆಂಪಾಯಿತು. ಇಷ್ಟು ವರ್ಷ ಯಾರೂ ನಂಬಿಯೇ ಇರಲಿಲ್ಲವೇ? ಕತ್ತರಿ ವಿಷಯ ಶುದ್ಧ ಸುಳ್ಳು ಅಂತ ಆಣೆಯಿಟ್ಟು ಹೇಳಬೇಕೆನಿಸಿ, ತಲೆವಸ್ತ್ರದ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಆಣೆ ಹಾಕಿದ್ದೆಲ್ಲ ಸುಳ್ಳಾದ್ರೆ," ತಹಿಯ್ಯಾ ಸಾಹುಕಾರರ ಕಡೆ ತಿರುಗಿದಳು, "ಹಾಕದೆ ಹೇಳಿದ್ದು ಇದೊಂದೇ. ನಿಜ ಇದೇ ಇರ್ಬೇಕು."

ಸಾಹುಕಾರರ ಮೀಸೆ ಕುಣಿಯಿತು. "ಹಾಗಾದ್ರೆ ಸುಟ್ಟಿದ್ಯಾರು? ಊಟದ ಹೊತ್ತಲ್ಲಿ ಮೇಲೆ ಯಾರಿದ್ರು?"

"ನಾನಂತೂ ಇರ್ಲಿಲ್ಲ," ಬುಶ್ರಾ ಥಟ್ಟನೆ ಅಂದ. "ಮಾರ್ ಗಿರ್ಗಿಸ್ ಆಣೆ, ಕನ್ಯಾಮರಿಯಮ್ಮನ ಆಣೆ, ಈ ಮೇಜಿನ ಹತ್ರಾನೂ ಸುಳಿದಿಲ್ಲ."

ಎಲ್ಲರ ಕಣ್ಣೂ ಮೆಲ್ಲಗೆ ಕೆಳಗಿಳಿದವು. ಬೆಳಿಗ್ಗೆ ಮುದುಡಿದ್ದ ಪ್ಯಾಂಟಿಗೆ ಈಗ ಸೌತೆಕಾಯಿ ಹೆಚ್ಚಬಹುದಾದಂಥ ಇಸ್ತ್ರಿ ಗೀರು ನಿಂತಿತ್ತು.

"ಸಂಜೆ ತಂಗಿ ಮಗೂಗೆ ಜ್ಞಾನಸ್ನಾನ ಇದೆ, ಪ್ಯಾಂಟಿಗೆ ಇಸ್ತ್ರಿ ಮಾಡ್ಕೊಳ್ತಿದ್ದೆ," ಬುಶ್ರಾ ನೆಲ ನೋಡುತ್ತ ಹೇಳಿದ. "ನಡುವೆ ಫೋನ್ ಬಂತು. ಪೆಟ್ಟಿಗೆ ಎಲ್ಲಿಟ್ಟೆ ಅಂತ ನೋಡ್ಲಿಲ್ಲ."

ಸಾಹುಕಾರರು ಮನೆಗೆ ಹೋಗೆಂದರು, ಒಂದು ಗಳಿಗೆ ಬಿಟ್ಟು ಮನಸ್ಸು ಬದಲಿಸಿದರು. "ಬೇಡ. ಅಂಗಿ ತಗೊಂಡು ನೀನೇ ಬಿಷಪ್ಪರ ಹತ್ರ ಹೋಗಿ ಹೇಳು. ಆಣೆ ಮಾತ್ರ ಹಾಕ್ಬೇಡ, ಅವರೂ ಶುಬ್ರಾದವರೇ, ಇಲ್ಲಿನ ಆಣೆ ಬೆಲೆ ಗೊತ್ತು."

ರಿಫ್ಕಾ ತನ್ನ ಮೇಜಿಗೆ ಮರಳಿ ಪೆಟ್ಟಿಗೆ ಬಿಸಿಗಿಟ್ಟಳು. ತಹಿಯ್ಯಾ ಒಂದು ಲೋಟ ಟೀ ತಂದು ಪಕ್ಕದಲ್ಲಿಟ್ಟಳು.

"ಕತ್ತರಿ ನಾನು ತಗೊಂಡಿರ್ಲಿಲ್ಲ," ಅಂದಳು ರಿಫ್ಕಾ, ಇನ್ನೂ ಮುಖ ಊದಿಸಿಕೊಂಡೇ.

"ಗೊತ್ತು. ಕುಡಿ."

"ಬಿಸಿ ಇದೆಯಾ?"

"ಮರಿಯಮ್ಮನ ಆಣೆ," ಅಂದಳು ತಹಿಯ್ಯಾ.

ರಿಫ್ಕಾ ಲೋಟ ಮುಟ್ಟಿ ನೋಡಿದಳು. ತಣ್ಣಗಿತ್ತು. ಕುಡಿದಳು.