ಪೂಜೆಗೆ ಕೂತಾಗ ಸುಟ್ಟ ಕ್ಯಾಲರಿ

ನಾನು ಮೊದಲಿಂದಲೂ ಪುಕ್ಕಲಿ. ಕುಕ್ಕರಿನ ಸೀಟಿ ತಡವಾದರೂ ಎದೆ ಧಸಕ್ಕೆನ್ನುತ್ತದೆ. ಅಂಥವಳ ಮುಂದೆ ಮಿರಜದ ಡಾಕ್ಟರು, ತೂಕ ಇಳಿಸದಿದ್ದರೆ ನಿಮ್ಮ ಯಜಮಾನರ ಹೃದಯಕ್ಕೆ ತ್ರಾಸಾದೀತು ಎಂದುಬಿಟ್ಟರು. ಸಾಂಗಲಿಯ ಪೇಟೆಯಲ್ಲಿ ನಮ್ಮದು ಬೆಲ್ಲದ ಅಂಗಡಿ. ಗಾದಿಯ ಮೇಲೆ ಕೂತು ಕೂತು ಇವರ ಹೊಟ್ಟೆಯೂ ಬೆಲ್ಲದ ಪೆಂಟೆಯಂತಾಗಿತ್ತು.

ಮನೆಯಲ್ಲೇ ವ್ಯಾಯಾಮ ಶುರುವಾಯಿತು. ಕುಪವಾಡದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗ, ಎಷ್ಟು ಕ್ಯಾಲರಿ ಸುಟ್ಟಿತೆಂದು ತೋರಿಸುವ ಗಡಿಯಾರ ತಂದು ಅಪ್ಪನ ಎಡಗೈಗೆ ಕಟ್ಟಿದ. ಇವರು ಟಿವಿಯ ಮುಂದೆ ನಿಂತಲ್ಲೇ ಧಪಧಪ ಹೆಜ್ಜೆ ಹಾಕುವರು. ನಾನು ಅಡುಗೆಮನೆಯಲ್ಲಿ ಆ ಸದ್ದಿಗೇ ಕಿವಿಗೊಟ್ಟಿರುವೆ. ಸದ್ದು ನಿಂತಿತೋ, ಕೈಯಲ್ಲಿ ಸೌಟು ಹಿಡಿದೇ ಓಡುವೆ. ನೋಡಿದರೆ ನೀರು ಕುಡಿಯುತ್ತಿರುತ್ತಿದ್ದರು.

ಒಂದು ದಿನ ಆ ಗಡಿಯಾರವನ್ನು ನಾನೇ ಕಟ್ಟಿಕೊಂಡು ರೊಟ್ಟಿ ಬಡಿಯಲು ಕೂತೆ. ಬುಟ್ಟಿ ತುಂಬುವಷ್ಟರಲ್ಲಿ ಇವರ ಇಡೀ ವ್ಯಾಯಾಮಕ್ಕಿಂತ ಹೆಚ್ಚು ಕ್ಯಾಲರಿ ನಾನು ಸುಟ್ಟಿದ್ದೆ. ರೊಟ್ಟಿ ಬಡಿಯುವ ಕೈಯನ್ನು ಅದು ಓಟವೆಂದು ತಿಳಿದಿತ್ತು.

"ತೆ ಘಡ್ಯಾಳ ಖೋಟಂ ಆಹೆ, ಆಯಿ," ಎಂದು ಮಗ ನಕ್ಕ. ಅವನಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಬಾಯಿಗೆ ಹೆಚ್ಚಾಗಿ ಬರುವುದು ಮರಾಠಿ. ಅಂತೂ ಗಡಿಯಾರ ಸುಳ್ಳುಬುರುಕ ಎಂದು ಮೂವರೂ ಒಪ್ಪಿದೆವು. ಇವರಿಗೆ ಮಾತ್ರ ಅಂಕಿ ಏರುವುದನ್ನು ನೋಡುವುದೇ ಖುಷಿ. ಪೂಜೆಗೆ ಕೂತಾಗಲೂ ಬಿಚ್ಚುತ್ತಿರಲಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ, ಮುಂಗೈಯಲ್ಲಿ ಗಡಿಯಾರ.

"ಪೂಜಾದಾಗರೆ ಬಿಚ್ಚಿಡ್ರಿ," ಅಂದೆ.

"ಇರಲಿ ಬಿಡು. ಅದರ ಪಾಡಿಗೆ ಅದು ಎಣಿಸ್ತೈತಿ."

ಒಂದು ಮುಂಜಾನೆ ಪೂಜೆ ಮುಗಿಸಿ ಎದ್ದವರು ಕೈ ಮುಂದೆ ಚಾಚಿದರು. "ನೋಡಿಲ್ಲೆ, ಕುಂತಲ್ಲೇ ಎಂಬತ್ತು ಸುಟ್ಟಾವು. ನಾಳಿಂದ ಕುಣಿಯೂದು ಬ್ಯಾಡ, ಎರಡು ಸಲ ಪೂಜಾ ಮಾಡಿದ್ರ ಆತು."

ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ರೊಟ್ಟಿಗೆ ಮೋಸ ಹೋದ ಗಡಿಯಾರ, ಲಿಂಗಪೂಜೆಗೂ ಮೋಸ ಹೋಗಿದೆ ಅಂದುಕೊಂಡೆವು.

ಮರುದಿನ ನಾನು ಬತ್ತಿ ಹೊಸೆಯುತ್ತ ಇವರೆದುರು ಕೂತಿದ್ದೆ. ಇವರ ಕಣ್ಣು ಲಿಂಗದ ಮೇಲೆ, ನನ್ನ ಕಣ್ಣು ಗಡಿಯಾರದ ಮೇಲೆ. ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ, ಅಂಕಿ ಏರುತ್ತಲೇ ಇತ್ತು. ರೊಟ್ಟಿ ಬಡಿಯುವಾಗ ನನ್ನ ಕೈ ಆಡುತ್ತಿತ್ತು. ಇಲ್ಲಿ ಏನು ಆಡುತ್ತಿದೆ?

ಎದ್ದು ಹೋಗಿ ಮಗನನ್ನು ಕೇಳಿದೆ. ಅವನು ಹಲ್ಲುಜ್ಜುವುದನ್ನು ನಿಲ್ಲಿಸಿದ. "ಕೈ ಆಡಲಿಲ್ಲಂದ್ರ ಎದಿ ಬಡಿತ ನೋಡಿ ಎಣಿಸ್ತೈತಿ, ಆಯಿ," ಅಂದ. ಹಾಗಂದವನೇ ಬಾಯಿಯ ನೊರೆಯನ್ನೂ ಉಗುಳದೆ ದೇವರ ಕೋಣೆಗೆ ಓಡಿದ. ನಾನೂ ಹಿಂದೆಯೇ ಹೋಗಿ ಇವರ ಕೈ ಹಿಡಿದು ನೋಡಿದೆ. ನಾಡಿ ಬಡಬಡ ಓಡುವುದು, ತಡೆಯುವುದು, ಮತ್ತೆ ಓಡುವುದು. ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ, ಎದೆಯೊಂದೇ ಓಡುತ್ತಿದೆ.

"ಏನಾಗೈತಿ ನನಗ? ಅಂಗಡಿ ಬಾಗಲಾ ತಗೀಬೇಕು," ಎಂದು ರಿಕ್ಷಾದಲ್ಲಿ ಮಿರಜ ಮುಟ್ಟುವವರೆಗೂ ಗೊಣಗಿದರು. ನಾನು ಇವರ ನಾಡಿ ಹಿಡಿದೇ ಕೂತಿದ್ದೆ. ಎದೆಬಡಿತದ ಇಸಿಜಿ ಪಟ್ಟಿ ತೆಗೆದು ನೋಡಿದ ಡಾಕ್ಟರು, ಬಡಿತ ಹಳಿ ತಪ್ಪಿದೆ ಎಂದು ಇವರನ್ನು ಅಲ್ಲೇ ಉಳಿಸಿಕೊಂಡರು. ಒಳಗೆ ಕರೆದೊಯ್ಯುವಾಗ ನರ್ಸು ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟಳು. ಹೊರಗಿನ ಬೆಂಚಿನ ಮೇಲೆ ಕೂತು, ಎಂಬತ್ತೆಂದು ನಕ್ಕಿದ್ದನ್ನೇ ನೆನೆಸಿ ನೆನೆಸಿ ಅತ್ತೆ.

ಗುಳಿಗೆ ಹತ್ತಿತು, ಇವರು ಮನೆಗೆ ಬಂದರು. ಈಗ ಮತ್ತೆ ಗಡಿಯಾರ ಕಟ್ಟಿಕೊಂಡು ಪಡಸಾಲೆಯಲ್ಲೇ ನಿಧಾನವಾಗಿ ಅಡ್ಡಾಡುತ್ತಾರೆ. ನನ್ನ ಹೆದರಿಕೆ ಹೋಗಿಲ್ಲ, ದಿಕ್ಕು ಬದಲಿಸಿದೆ. ಅಂದು ಪೂಜೆಯಲ್ಲಿ ಅಂಕಿ ಏರಿದ್ದಕ್ಕೆ ಅಂಜಿದ್ದೆ. ಈಗ ಮಧ್ಯಾಹ್ನ ಇವರು ಮಲಗಿದಾಗ, ಅಂಕಿ ನಿಂತಂತೆ ಕಂಡರೆ ಅಂಜುತ್ತೇನೆ. ಮೊನ್ನೆ ಹಾಗೇ ಆಯಿತು. ಸದ್ದಿಲ್ಲದೆ ಬಗ್ಗಿ ಮೂಗಿನ ಕೆಳಗೆ ಬೆರಳಿಟ್ಟೆ.

ಇವರು ಕಣ್ಣು ತೆರೆಯದೆ ಅಂದರು, "ಜೀವ ಐತಿ. ಕೈ ತಗಿ."

ನಾನು ತೆಗೆಯಲಿಲ್ಲ.