ಮೂರನೇ ಮಹಡಿಯ ಮಧ್ಯಾಹ್ನ

ಅರವತ್ತು ದಾಟುವವರೆಗೆ ನಾನು ಯಾವ ಲಾಡ್ಜಿನಲ್ಲೂ ಇಳಿದುಕೊಂಡವನಲ್ಲ. ಇದು ಹೆಚ್ಚುಗಾರಿಕೆಯ ಮಾತಲ್ಲ. ನಾವು ಹೋಗುವ ಊರುಗಳಲ್ಲೆಲ್ಲ ನೆಂಟರಿದ್ದರು. ನೆಂಟರಿಲ್ಲದ ಊರಿಗೆ ನಾವು ಹೋಗುತ್ತಿರಲಿಲ್ಲ. ಹರಿಹರಕ್ಕೆ ಹೋದರೆ ಚಿಕ್ಕಪ್ಪನ ಮನೆ, ದಾವಣಗೆರೆಗೆ ಹೋದರೆ ಎಸ್.ಎಸ್. ಬಡಾವಣೆಯಲ್ಲಿ ನನ್ನ ಹೆಂಡತಿ ಸುಮಂಗಲೆಯ ಅಕ್ಕ ಪಾರ್ವತಕ್ಕನ ಮನೆ. ನನಗೇನೋ ಅಲ್ಲಿ ಸುಖವೇ. ಹೈಸ್ಕೂಲು ಮೇಷ್ಟ್ರೆಂಬ ಮರ್ಯಾದೆಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿ, ಕೈಗೆ ಪೇಪರು ಕೊಟ್ಟು ಕೂರಿಸುತ್ತಿದ್ದರು. ಸುಮಂಗಲೆ ಮಾತ್ರ ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಹೋಗಿ ಲಟ್ಟಣಿಗೆ ಹಿಡಿಯುತ್ತಿದ್ದಳು. ಅರಸೀಕೆರೆಯ ನಮ್ಮ ಮನೆಯ ಒಲೆಯಿಂದ ದಾವಣಗೆರೆಯ ಒಲೆಗೆ. ಅವಳ ಪ್ರವಾಸ ಅಂದರೆ ಅಷ್ಟೆ. ಪೇಪರಿನ ಮರೆಯಲ್ಲಿದ್ದ ನನಗೆ ಅದು ಕಾಣುತ್ತಿರಲಿಲ್ಲ.

ಕೆಲವು ವರ್ಷಗಳ ಕೆಳಗೆ ದಾವಣಗೆರೆಯಲ್ಲಿ ನೆಂಟರೊಬ್ಬರ ಮದುವೆಗೆ ಹೋಗಬೇಕಾಗಿ ಬಂತು. ಆ ಹೊತ್ತಿಗೆ ಪಾರ್ವತಕ್ಕನ ಮನೆಗೆ ಬಣ್ಣ ಹೊಡೆಯುತ್ತಿದ್ದರು. ಸಾಮಾನೆಲ್ಲ ನಡುಮನೆಗೆ ಬಂದು ಬಿದ್ದಿರುವಾಗ ನಾವೂ ಹೋಗಿ ಬೀಳುವುದು ಬೇಡವೆಂದು, ಯಾರಿಗೂ ಹೇಳದೆ, ಸ್ಟೇಷನ್ನಿನಲ್ಲಿ ಇಳಿದವರೇ ಎದುರಿಗೆ ಕಂಡ ಹಳೆಯ ಲಾಡ್ಜಿಗೆ ಹೋದೆವು. ಕೌಂಟರಿನಲ್ಲಿದ್ದ ಮ್ಯಾನೇಜರ್ ಹಾಲಪ್ಪ ನನ್ನ ಹೆಸರು ಕೇಳುವುದಕ್ಕಿಂತ ಮೊದಲು, "ಮಂಡಿ ಹೆಂಗದಾವ್ರಿ?" ಎಂದರು. ನಾನು ತಬ್ಬಿಬ್ಬಾದೆ. "ಗಟ್ಟಿ ಇದ್ರೆ ಮೂರನೇ ಮಹಡಿ ತಗೊಳ್ರಿ. ಗಾಳಿ ಐತೆ. ಲಿಫ್ಟ್ ಇಲ್ಲ."

ಆ ಕೋಣೆಯನ್ನು ಕಟ್ಟಿದವನಿಗೆ ಒಂದು ಬಗೆಯ ವಿನೋದಪ್ರಜ್ಞೆ ಇದ್ದಿರಬೇಕು. ಕನ್ನಡಿಯನ್ನು ಆಜಾನುಬಾಹುಗಳಿಗೆಂದು ಎಷ್ಟು ಮೇಲೆ ತೂಗುಹಾಕಿದ್ದರೆಂದರೆ, ಅದರಲ್ಲಿ ನನಗೆ ಕಂಡದ್ದು ನನ್ನ ಬೋಳುತಲೆ ಮಾತ್ರ. ಬಚ್ಚಲ ದೀಪದ ಸ್ವಿಚ್ಚು ಕೋಣೆಯ ಹೊರಗೆ, ವರಾಂಡದಲ್ಲಿತ್ತು. ಕರೆಂಟು ಪೋಲಾಗಬಾರದೆಂಬ ಸದ್ಬುದ್ಧಿಯವರು ಯಾರಾದರೂ ಹಾದುಹೋದರೆ, ಒಳಗೆ ಸೋಪು ಹಚ್ಚಿಕೊಂಡು ನಿಂತವನಿಗೆ ಕತ್ತಲೆ. ಕಿಟಕಿಯಾಚೆ ಪ್ಲಾಟ್‌ಫಾರ್ಮು. ಯಾವುದೋ ಗಾಡಿ ತಡವಾಗಿದೆಯೆಂದು ಧ್ವನಿವರ್ಧಕದ ಹೆಂಗಸು ಮೂರು ಭಾಷೆಗಳಲ್ಲಿ ವಿಷಾದಿಸುತ್ತಿದ್ದಳು. ಅವಳಷ್ಟು ನಿರಾಳವಾಗಿ ವಿಷಾದಿಸುವುದು ಮನುಷ್ಯರಿಗೆ ಸಾಧ್ಯವಿಲ್ಲ. ನಮ್ಮ ವಿಷಾದಕ್ಕೆ ಗಾಡಿಯ ಹೆಸರೂ ಗೊತ್ತಿರುವುದಿಲ್ಲ, ಬರುವ ಹೊತ್ತೂ ಗೊತ್ತಿರುವುದಿಲ್ಲ.

ಕನ್ನಡದಲ್ಲಿ ಲಾಡ್ಜಿನಲ್ಲಿ 'ಇಳಿದುಕೊಂಡೆ' ಎನ್ನುತ್ತೇವೆ. ಮೂರು ಮಹಡಿ ಏದುಸಿರು ಬಿಡುತ್ತ ಹತ್ತಿದ ಮೇಲೂ ಇಳಿದುಕೊಂಡದ್ದೇ. ಪಾಠ ಹೇಳುವ ಕಾಲದಲ್ಲಿ ಈ ಮಾತಿನ ಅರ್ಥ ನನಗೆ ಹೊಳೆದಿರಲಿಲ್ಲ. ಗಾಡಿಯಿಂದ ಇಳಿಯುವುದಲ್ಲ, ಹೆಗಲ ಮೇಲಿನದು ಇಳಿಯುವುದು ಎಂದು ನನಗೆ ಅಂದು ತೋರಿತು. ಏಕೆಂದರೆ ಸುಮಂಗಲೆ ಕಿಟಕಿಯ ಬಳಿ ಕಾಲು ಚಾಚಿ ಕುಳಿತಿದ್ದಳು. ಕುಳಿತೇ ಇದ್ದಳು. "ಇಲ್ಲಿ ನಾನು ಯಾರ ಸೊಸೀನೂ ಅಲ್ಲ, ಯಾರ ತಂಗೀನೂ ಅಲ್ಲ ನೋಡ್ರಿ" ಎಂದಳು. ಹಾಗಾದರೆ ಹೆಂಡತಿ? ಕೇಳುವ ಧೈರ್ಯವಾಗಲಿಲ್ಲ.

ಗುಟ್ಟು ಮದುವೆಮನೆಯಲ್ಲಿ ರಟ್ಟಾಯಿತು. "ಬ್ಯಾಗ್ ಎಲ್ಲಿಟ್ಟಿದ್ದೀಯೆ?" ಎಂದು ಪಾರ್ವತಕ್ಕ ಊಟದ ಸಾಲಿನಲ್ಲಿ ಕೇಳಿದಳು. ಸುಳ್ಳು ಹೇಳಲು ಬಾರದ ಸುಮಂಗಲೆ ಲಾಡ್ಜಿನ ಹೆಸರು ಹೇಳಿಬಿಟ್ಟಳು. ಮಾರನೆಯ ದಿನ ಊಟದ ಹೊತ್ತಿಗೆ ಪಾರ್ವತಕ್ಕ ಆಟೋ ಮಾಡಿಕೊಂಡು ಬಂದು, ಮೂರು ಮಹಡಿ ಹತ್ತಿ, ಬಾಗಿಲಲ್ಲಿ ನಿಂತಳು.

"ನಾವು ಸತ್ತೀವೇನೆ ಸುಮಿ? ಒಡಹುಟ್ಟಿದಾಕಿ ಊರಾಗೆ ಇರೋವಾಗ ಲಾಡ್ಜಿನಾಗೆ ಇರೋಕೆ ಮನಸ್ಸು ಹೆಂಗೆ ಬಂತು?"

"ಬಣ್ಣ ಹೊಡಿಸ್ತಿದ್ದೆಯಲ್ಲಕ್ಕ."

"ಬಣ್ಣ ಗೋಡಿಗೆ ಹೊಡೀತಾರೆ. ನಿಂಗೇನು ಹೊಡೀತಿದ್ರಾ? ಮೇಷ್ಟ್ರೇ, ಬ್ಯಾಗ್ ತಗೊಳ್ರಿ. ಆಟೋ ಕೆಳಗೆ ನಿಂತೈತೆ."

ನಾನು ಬ್ಯಾಗಿಗೆ ಕೈಹಾಕಿದೆ. ಅಷ್ಟರಲ್ಲಿ ಪಾರ್ವತಕ್ಕನಿಗೆ ದಮ್ಮು ಬಂದು, "ಒಂದು ನಿಮಿಷ ಕೂಡ್ತೀನಿ ತಡೀರಿ" ಎಂದು ಮಂಚದ ಮೇಲೆ ಕುಳಿತಳು. ಕೆಳಗಿನ ಹೋಟೆಲಿನಿಂದ ಟೀ, ಬಿಸಿ ಮಿರ್ಚಿ ಬಜ್ಜಿ ಬಂದವು. ಅವಳು ಟೀ ಕುಡಿದು ಖಾಲಿ ಲೋಟ ಹಿಡಿದುಕೊಂಡು ಸುತ್ತ ನೋಡಿದಳು.

"ಇದನ್ನ ಎಲ್ಲಿ ತೊಳೀಬೇಕು?"

"ತೊಳೆಯೋದು ಬ್ಯಾಡಕ್ಕ. ಅವ್ರೇ ಬಂದು ತಗೊಂಡು ಹೋಗ್ತಾರೆ."

"ರಾತ್ರಿ ಅಡಿಗಿ?"

"ಮಾಡೋದಿಲ್ಲ."

ಪಾರ್ವತಕ್ಕ ಲೋಟವನ್ನು ಮೆಲ್ಲಗೆ ಮಂಚದ ಕೆಳಗಿಟ್ಟಳು. ಭಾನುವಳ್ಳಿಯ ತವರು ಬಿಟ್ಟು ಬಂದಂದಿನಿಂದ ತುಂಬಿದ ಮನೆಗೆ ಬೇಯಿಸಿ ಹಾಕಿದವಳು. "ಗಾಳಿ ಚಲೋ ಐತೆ" ಎಂದು, ಸೆರಗು ಸರಿಮಾಡಿಕೊಂಡು, ಹಾಗೇ ಗೋಡೆಯ ಕಡೆ ಒರಗಿದಳು. ಒರಗಿದವಳು ಮಲಗಿದಳು. ನಾನು ಸದ್ದಾಗದಂತೆ ಕೆಳಗಿಳಿದು ಆಟೋದವನನ್ನು ಕಳಿಸಿ ಮೇಲೆ ಬರುವಷ್ಟರಲ್ಲಿ ಅಕ್ಕನ ಬೆನ್ನಿಗೆ ಬೆನ್ನು ಕೊಟ್ಟು ತಂಗಿಯೂ ನಿದ್ದೆಹೋಗಿದ್ದಳು. ಬಾಗಿಲು ಮುಂದೆ ಮಾಡಿ, ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಗಾಡಿಗಳು ಬಂದವು, ಹೋದವು, ಗಾಜು ಅದುರಿತು. ಒಳಗೆ ಯಾರೂ ಏಳಲಿಲ್ಲ. ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಆ ಮಧ್ಯಾಹ್ನದ ಕಾವಲೇ ಇರಬೇಕು.

ಬಿಸಿಲು ಇಳಿದ ಮೇಲೆ ಫೋನು ಸದ್ದು ಮಾಡಿತು. ಬಣ್ಣದವರಿಗೆ ಟೀ ಕೊಡಬೇಕು, ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಪಾರ್ವತಕ್ಕನ ಸೊಸೆ ಕೇಳುತ್ತಿದ್ದಳು. ಪಾರ್ವತಕ್ಕ ಕದ್ದು ಸಿಕ್ಕಿಬಿದ್ದವಳಂತೆ ಎದ್ದು ಜಡೆ ಸುತ್ತಿಕೊಂಡಳು. "ಜ್ವರ ಇಲ್ದೆ ನಾನು ಮಧ್ಯಾನ ಮಲ್ಕೊಂಡಿದ್ದು ಇದೇ ಮೊದ್ಲು ಕಣೆ ಸುಮಿ" ಎಂದಳು. ನಮ್ಮ ಬ್ಯಾಗಿನ ಮಾತು ಎತ್ತಲಿಲ್ಲ. ಮೆಟ್ಟಿಲ ಬಳಿ ನಿಂತು, "ಮುಂದಿನ ಸಲ ಮೂರೂ ಜನ ಬಂದು ಎಲ್ಡು ದಿನ ಇರಾಣ. ಮನ್ಯಾಗೆ ಮಾತ್ರ ಯಾರಿಗೂ ಹೇಳಬ್ಯಾಡ್ರಿ ಮೇಷ್ಟ್ರೇ" ಎಂದು ಇಳಿದುಹೋದಳು.

ಹೋಗಲಿ ಬಿಡು, ಇವತ್ತೊಂದು ದಿನ ಇಲ್ಲೇ ಇದ್ದುಬಿಡು ಎಂದು ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಬಾಯಿಗೆ ಬರಬಾರದಿತ್ತೆ? ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಫೋನಿನಲ್ಲೇ ಹೇಳಬಹುದಿತ್ತು. ಸುಮಂಗಲೆ ಇದನ್ನು ಎಷ್ಟು ಸಲ ಹೇಳಿಕೊಂಡಿದ್ದಾಳೋ. ಮುಂದಿನ ಸಲ ಪಾರ್ವತಕ್ಕನ ಮೊಮ್ಮಗಳ ಪರೀಕ್ಷೆ ಬಂತು. ಅದರ ಮುಂದಿನ ಸಲ ಪಂಚಮಿ. ಆಮೇಲೆ ಪಾರ್ವತಕ್ಕನ ಮಂಡಿ ಹಿಡಿದುಕೊಂಡವು. ನಾವು ಹೋದಾಗಲೆಲ್ಲ ಹೊಸ ಬಣ್ಣದ ಆ ಮನೆಯಲ್ಲೇ ಉಳಿದೆವು. ಅಕ್ಕ ತಂಗಿ ಅಡುಗೆಮನೆಯಲ್ಲಿ ಪಿಸುಗುಟ್ಟಿ ನಗುತ್ತಿದ್ದರೆ ಲಾಡ್ಜಿನ ಸುದ್ದಿಯೆಂದು ನನಗೆ ತಿಳಿಯುತ್ತಿತ್ತು. ಒಮ್ಮೆ ಸ್ಟೇಷನ್ನಿನಿಂದ ಹೊರಬಂದರೆ ಲಾಡ್ಜೇ ಇಲ್ಲ. ಅಲ್ಲೊಂದು ಗಾಜಿನ ಅಂಗಡಿ ಎದ್ದು, ಒಳಗೆಲ್ಲ ಮೊಬೈಲುಗಳು ಹೊಳೆಯುತ್ತಿದ್ದವು. ಹಾಲಪ್ಪನವರು ಎಲ್ಲಿ ಹೋದರೋ ಯಾರಿಗೂ ಗೊತ್ತಿರಲಿಲ್ಲ.

ಕಳೆದ ತಿಂಗಳು ಸುಮಂಗಲೆ ಹಟ ಹಿಡಿದಳು. ಹರಿಹರದಲ್ಲಿ ಸ್ಟೇಷನ್ನಿನ ಹತ್ತಿರವೇ ಹೊಸ ಲಾಡ್ಜಾಗಿದೆ, ನೆಲಮಹಡಿಯಲ್ಲೂ ಕೋಣೆಗಳಿವೆ ಎಂದು ಯಾರಿಂದಲೋ ತಿಳಿದುಕೊಂಡಿದ್ದಳು. ಹರಿಹರೇಶ್ವರನ ದರ್ಶನವೆಂದು ಮನೆಯಲ್ಲಿ ಹೇಳಿ, ಪಾರ್ವತಕ್ಕನನ್ನು ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದೆವು. ದೇವರಿಗೆ ಮೋಸ ಮಾಡಬಾರದೆಂದು ಮೊದಲು ಗುಡಿಗೂ ಹೋಗಿಬಂದೆವು. ಕೋಣೆ ಚೆನ್ನಾಗಿತ್ತು. ಸ್ವಿಚ್ಚುಗಳು ಇರಬೇಕಾದಲ್ಲಿ ಇದ್ದವು, ಕನ್ನಡಿಯಲ್ಲಿ ನನ್ನ ಮುಖ ಪೂರ್ತಿ ಕಂಡಿತು. ಎ.ಸಿ.ಗೆಂದು ಮುಚ್ಚಿದ ಕಿಟಕಿಯಿಂದಾಗಿ ರೈಲಿನ ಸದ್ದೂ ಇಲ್ಲ. ಟೀ ಬಂತು. ಪಾರ್ವತಕ್ಕ ಮಲಗಿ ನೋಡಿದಳು, ಮಗ್ಗುಲಾದಳು, ಎದ್ದು ಕುಳಿತಳು. ಮಾತ್ರೆಯ ಚೀಲ ತಡಕಿದಳು, ಫೋನು ಬಂದಿದೆಯೇ ನೋಡಿದಳು.

"ನಿದ್ದಿ ಬರವಲ್ದು ಸುಮಿ" ಎಂದಳು, ತಪ್ಪು ಮಾಡಿದವಳ ಹಾಗೆ. "ರೂಮ್ ಭಾಳ ಚಲೋ ಐತೆ. ನಂಗೇ ಈಗ ರೂಢಿ ತಪ್ಪೈತೆ. ಮನೀಗೆ ಹೋಗಾಣೇನೆ?"

ಸುಮಂಗಲೆ ಬೇಡವೆನ್ನಲಿಲ್ಲ. ಸಂಜೆಯೊಳಗೇ ಹೊರಟೆವು. ಇಷ್ಟು ವರ್ಷ ನಾವು ಹುಡುಕುತ್ತಿದ್ದದ್ದು ಒಂದು ಕೋಣೆಯನ್ನು. ಕಳೆದುಹೋಗಿದ್ದದ್ದು ಕೋಣೆಯಲ್ಲ ಎಂಬುದು ಮುಂದಿನ ಸೀಟಿನಲ್ಲಿ ಕುಳಿತ ನನಗೆ ಆಗ ಅರ್ಥವಾಗುತ್ತಿತ್ತು. ಸುಖಕ್ಕೂ ಒಂದು ವಯಸ್ಸು ಇರುತ್ತದೆಯೇನೋ. ಮಂಡಿ ಗಟ್ಟಿ ಇರುವಾಗ ಅದು ಮೂರನೇ ಮಹಡಿಯಲ್ಲಿರುತ್ತದೆ. ನೆಲಮಹಡಿಗೆ ಇಳಿದು ಬಾ ಎಂದು ನಾವು ಕರೆದ ಕಾಲಕ್ಕೆ ಅದು ಬರುವುದಿಲ್ಲ.

ದಾವಣಗೆರೆ ಹತ್ತಿರವಾದಾಗ ಹಿಂತಿರುಗಿ ನೋಡಿದೆ. ಪಾರ್ವತಕ್ಕ ತಂಗಿಯ ಹೆಗಲ ಮೇಲೆ ತಲೆಯಿಟ್ಟು, ಬಾಯಿ ತುಸು ತೆರೆದು, ಗಾಢ ನಿದ್ದೆಯಲ್ಲಿದ್ದಳು. ಕಾರು ಎಸ್.ಎಸ್. ಬಡಾವಣೆಯ ಬೀದಿಗೆ ತಿರುಗಿತು. ಗೇಟಿನ ಹತ್ತಿರ ಡ್ರೈವರು ನಿಧಾನ ಮಾಡಿದ.

"ನಿಲ್ಸಬ್ಯಾಡಪ್ಪ" ಎಂದಳು ಸುಮಂಗಲೆ, ಉಸಿರಿಗಿಂತ ಸಣ್ಣ ದನಿಯಲ್ಲಿ. "ಹಂಗೇ ಮುಂದಕ್ಕೆ ಹೋಗು."

"ಎಲ್ಲಿಗೆ ಹೋಗ್ಲಿ ಅಮ್ಮಾರೆ?"

"ಎಲ್ಲಿಗಾದ್ರೂ. ಹಾರನ್ ಒಂದು ಹೊಡೀಬ್ಯಾಡ."