ಮೇಷ್ಟರು ಹಂಚಿಕೊಂಡ ಮಾತ್ರೆ

ಬೇಲೂರಿನ ಸಂಸ್ಕೃತ ಮೇಷ್ಟರು ಸುಂದರರಾಜ ಅಯ್ಯಂಗಾರರಿಗೆ ತಿಳಿಯದ ವಿಷಯವೇ ಇರಲಿಲ್ಲ; ಇದ್ದರೆ ಅದು ತಿಳಿಯತಕ್ಕದ್ದೂ ಅಲ್ಲ. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಾಗದೆ, 1998ರಲ್ಲಿ ಅವರು ಹೆಂಡತಿ ಯದುಗಿರಿಯನ್ನು ಅರಸೀಕೆರೆಯ ಡಾಕ್ಟರಮ್ಮನ ಬಳಿಗೆ ಕರೆದೊಯ್ದರು. ಹಾರ್ಮೋನಿನ ಏರುಪೇರಿನಿಂದ ಅಂಡ ಬಲಿಯುತ್ತಿಲ್ಲ ಎಂದು ಆಕೆ ತಿಂಗಳಿಗೆ ಐದು ದಿನದ ಮಾತ್ರೆ ಬರೆದುಕೊಟ್ಟರು.

ಮೂರು ತಿಂಗಳಾದರೂ ಸ್ಕ್ಯಾನಿನಲ್ಲಿ ಬದಲಾವಣೆ ಕಾಣಲಿಲ್ಲ. "ಮಾತ್ರೆ ಕೆಲಸ ಮಾಡ್ಲಿಲ್ಲ. ಇನ್ನು ಇಂಜೆಕ್ಷನ್ನೇ ಗತಿ," ಎಂದರು ಡಾಕ್ಟರಮ್ಮ. ಯದುಗಿರಿಯ ಕಣ್ಣು ತುಂಬಿತು.

"ಪೆರುಮಾಳ್ ದೇವರ ಮುಂದಿಟ್ಟು, ತೀರ್ಥದ ಜೊತೇಲೇ ತಗೊಂಡಿದೀವಲ್ಲ!" ಎಂದರು ಮೇಷ್ಟರು.

"ತಗೊಂಡಿದೀವಿ ಅಂದ್ರೆ?"

"ಅರ್ಧ ಅವಳಿಗೆ, ಅರ್ಧ ನನಗೆ. ಸಂತಾನಕ್ಕೆ ಅಂತ ಏನು ಮಾಡಿದ್ರೂ ದಂಪತಿಗಳು ಒಟ್ಟಿಗೇ ಮಾಡ್ಬೇಕು ಕಣಮ್ಮ."

ಇಂಜೆಕ್ಷನ್ ಬರೆಯುತ್ತಿದ್ದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನೀವು ಕೊಡ್ತಿದ್ದ ಅರ್ಧಾನೇ ಡಾಕ್ಟ್ರು ಬರೆದಿರೋದು ಅಂದ್ಕೊಂಡಿದ್ದೆನಲ್ರೀ!" ಎಂದು ಯದುಗಿರಿ ಕಿರುಚಿದಳು. "ಮೂರು ತಿಂಗಳು!"

ಡಾಕ್ಟರಮ್ಮ ಚೀಟಿಯಲ್ಲಿ ಬರೆದಿದ್ದ ಇಂಜೆಕ್ಷನ್ನಿಗೆ ಅಡ್ಡಗೆರೆ ಎಳೆದು, ಇಡೀ ಮಾತ್ರೆಯನ್ನೇ ಮತ್ತೆ ಬರೆದರು. "ನಿಮ್ಮ ಪಾಲಿಂದು ಬೇರೆ ಇದೆ ಮೇಷ್ಟ್ರೇ," ಎಂದು ವೀರ್ಯ ಪರೀಕ್ಷೆಯ ಚೀಟಿ ಚಾಚಿದರು. "ಏಳು ವರ್ಷದಲ್ಲಿ ಇದನ್ನ ಯಾರೂ ಕೇಳಿಲ್ಲ, ನಾನೂ ಸೇರಿ."

ಹೆಂಗಸಿನ ಮಾತ್ರೆಯನ್ನು ಅಂಜದೆ ನುಂಗಿದ ಮೇಷ್ಟರು ಚೀಟಿ ನೋಡಿ ಬಿಳಿಚಿಕೊಂಡರು. ಯದುಗಿರಿ ಅದನ್ನು ಅವರ ಕೈಗೆ ತುರುಕಿ, "ನಾನು ಇಲ್ಲೇ ಕೂತಿರ್ತೀನಿ, ಹೋಗ್ಬನ್ನಿ," ಎಂದಳು.